ಪಕ್ಕದ ಮನೆಯ ಮೂಳೆ

ನಮ್ಮ ಸೋದರಮಾವನನ್ನು ಆಸ್ಪತ್ರೆಯಲ್ಲಿ ಎಲ್ಲರೂ ಡಿಗ್ರಿ ಸಾರ್ ಎಂದು ಕರೆಯುತ್ತಾರೆ. ಹಾಗೆ ನೋಡಿದರೆ ಅವರಿಗೆ ಡಿಗ್ರಿಯೇ ಇಲ್ಲ. ಎಕ್ಸ್‌ರೇ ತೆಗೆಯುವ ಎರಡು ವರ್ಷದ ಕೋರ್ಸು ಮುಗಿಸಿ ಕೆಲಸಕ್ಕೆ ಸೇರಿದವರು, ಮೂವತ್ತೊಂದು ವರ್ಷ ಮಕ್ಕಳ ಸೊಟ್ಟ ಬೆನ್ನುಗಳನ್ನು ಅಳೆದು ಇಷ್ಟು ಡಿಗ್ರಿ, ಅಷ್ಟು ಡಿಗ್ರಿ ಎಂದು ಬರೆಯುತ್ತ ಬಂದಿದ್ದಾರೆ. ಯಾರಾದರೂ ಓದಿನ ಮಾತೆತ್ತಿ ಕೆಣಕಿದರೆ, "ನೀವು ಓದಿ ಒಂದು ಡಿಗ್ರಿ ತಗೊಂಡ್ರಿ, ನನ್ನ ಹತ್ರ ಮುನ್ನೂರ ಅರವತ್ತಿದೆ, ಬೇಕಾದ್ರೆ ಕೊಡ್ತೀನಿ," ಎಂದು ಬಾಯಿ ಮುಚ್ಚಿಸುತ್ತಾರೆ. ನಿವೃತ್ತಿಯಾದ ಮೇಲೂ ವಾರಕ್ಕೆ ಮೂರು ದಿನ ಹೋಗುತ್ತಾರೆ. ಆಸ್ಪತ್ರೆಗೆ ಅವರು ಬೇಕೋ, ಅವರಿಗೆ ಆಸ್ಪತ್ರೆ ಬೇಕೋ ಎಂಬುದನ್ನು ಮಾತ್ರ ಯಾರೂ ಅಳೆದು ನೋಡಿಲ್ಲ.

ಅವರ ಕೋಣೆ ಎರಡು ಮೇಜಿನಷ್ಟು ಅಗಲ. ಗೋಡೆಯ ಮೇಲೆ ಹಾಲುಬಣ್ಣದ ಗಾಜಿನ ದೀಪದ ಪೆಟ್ಟಿಗೆ, ಅದಕ್ಕೆ ಫಿಲ್ಮ್ ಸಿಕ್ಕಿಸುವ ಕ್ಲಿಪ್ಪು, ಡಬ್ಬಿಯಲ್ಲಿ ಮೊನೆ ಚೂಪು ಮಾಡಿದ ಪೆನ್ಸಿಲ್ಲುಗಳು, ಅಂಚು ಸವೆದ ಸ್ಕೇಲು, ಶಾಲೆ ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ. ಕೆಲಸ ಹೇಳುವುದಕ್ಕೆ ಸುಲಭ. ಬೆನ್ನು ಬಾಗಿದ ಕಡೆ ಮೇಲ್ತುದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ವಾಲಿದ ಮೂಳೆ ಯಾವುದು, ಕೆಳತುದಿಯಲ್ಲಿ ಯಾವುದು ಎಂದು ಹುಡುಕಬೇಕು. ಮೇಲಿನದರ ನೆತ್ತಿಗೊಂದು ಗೆರೆ, ಕೆಳಗಿನದರ ಬುಡಕ್ಕೊಂದು ಗೆರೆ. ಎರಡೂ ಗೆರೆಗಳು ಕೂಡುವ ಕಡೆ ಎಷ್ಟು ಕೋನವೋ ಬೆನ್ನು ಅಷ್ಟು ಸೊಟ್ಟ. ಗೆರೆ ಎಳೆಯುವುದು ಯಾರಿಗೂ ಬರುತ್ತದೆ, ಮೂಳೆ ಆರಿಸುವುದರಲ್ಲಿದೆ ಗಮ್ಮತ್ತು.

ಆ ಆಸ್ಪತ್ರೆಯ ಮೂಳೆ ಡಾಕ್ಟರಮ್ಮನದು ಒಂದೇ ನಿಯಮ. ಬೆಳೆಯುವ ಮಕ್ಕಳಿಗೆ ಇಪ್ಪತ್ತನಾಲ್ಕು ಡಿಗ್ರಿಯವರೆಗೆ ಏನೂ ಮಾಡುವುದಿಲ್ಲ, ಆರು ತಿಂಗಳಿಗೊಮ್ಮೆ ನೋಡುವುದು ಅಷ್ಟೆ. ಇಪ್ಪತ್ತೈದು ಮುಟ್ಟಿತೋ, ಬ್ರೇಸ್. ಅಂದರೆ ಕಂಕುಳಿಂದ ಸೊಂಟದ ಕೆಳಗಿನವರೆಗೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ದಿನಕ್ಕೆ ಇಪ್ಪತ್ತು ಗಂಟೆ, ಮೈ ಬೆಳೆಯುವುದು ನಿಲ್ಲುವವರೆಗೆ.

ನಾನು ಕಾಲೇಜಿನಲ್ಲಿ ಕಂಪ್ಯೂಟರಿಗೆ ಚಿತ್ರ ನೋಡಲು ಕಲಿಸುವ ಪಾಠ ಹೇಳುವವಳು. ಡಿಗ್ರಿ ಸಾರ್ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸಬಹುದೇ ಎಂದು ಡಾಕ್ಟರಮ್ಮ ನನ್ನನ್ನೇ ಕೇಳಿದರು. ಮಾವನಿಗೆ ಬೇಸರವಾದೀತೆಂದು ಅಳೆದೂ ಸುರಿದೂ ಮೂರು ವಾರ ಕಳೆದೆ. ಅಷ್ಟರಲ್ಲಿ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

"ಬಾರಮ್ಮಾ ಬಾ. ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಹೊರಗಿನವರು ಯಾಕೆ, ತಂಗಿ ಮಗಳೇ ಇದ್ದಾಳಲ್ಲ," ಎಂದವರೇ ತಮ್ಮ ಹನ್ನೆರಡು ರಿಜಿಸ್ಟರುಗಳನ್ನೂ ಹಳೆಯ ಫಿಲ್ಮುಗಳ ಕಟ್ಟುಗಳನ್ನೂ ತಾವೇ ಹೊತ್ತು ತಂದು ನನ್ನ ಕಾರಿಗೆ ತುಂಬಿದರು.

ಪ್ರೋಗ್ರಾಮಿಗೆ ಕಲಿಸುವುದು ಒಂದನೇ ಕ್ಲಾಸಿನ ಮಗುವಿಗೆ ಕಲಿಸಿದ ಹಾಗೆಯೇ. ಚಿತ್ರ ತೋರಿಸು, ಉತ್ತರ ತೋರಿಸು. ಮತ್ತೆ ಚಿತ್ರ, ಮತ್ತೆ ಉತ್ತರ. ಮೂರು ಸಾವಿರದ ನಾನೂರು ಬೆನ್ನುಗಳ ಚಿತ್ರಗಳನ್ನು ಸ್ಕ್ಯಾನ್ ಮಾಡಿದೆವು, ಉತ್ತರಗಳೆಲ್ಲ ಮಾವನ ರಿಜಿಸ್ಟರಿನವು. ಒಂದು ದಿನ ಅವರೇ ನನ್ನ ಲ್ಯಾಬಿಗೆ ಬಂದು ಕಂಪ್ಯೂಟರಿನ ಸುತ್ತ ಒಂದು ಸುತ್ತು ಹಾಕಿದರು.

"ಇದು ಟೀ ಕುಡಿಯುತ್ತಾ?"

"ಇಲ್ಲ ಮಾವ."

"ಮತ್ತೆ ಮಧ್ಯಾಹ್ನದ ಮೇಲೆ ಹೇಗೆ ಅಳೆಯುತ್ತೆ?"

ಅಳೆಯಿತು, ಚೆನ್ನಾಗಿಯೇ ಅಳೆಯಿತು. ನಾಲ್ಕು ತಿಂಗಳು ಕಳೆಯುವುದರೊಳಗೆ ಮಾವನಿಗೂ ಪ್ರೋಗ್ರಾಮಿಗೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರುವುದೇ ನಿಂತಿತು. ಡಾಕ್ಟರಮ್ಮ ಗುರುವಿಗೆ ತಕ್ಕ ಶಿಷ್ಯ ಎಂದರು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಆದರೆ ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. ಪ್ರೋಗ್ರಾಮು ಇಪ್ಪತ್ತೆರಡು ಅನ್ನುತ್ತಿತ್ತು, ಇಪ್ಪತ್ತಮೂರು ಅನ್ನುತ್ತಿತ್ತು, ಇಪ್ಪತ್ತನಾಲ್ಕಂತೂ ಬಾಯ್ತುಂಬ ಅನ್ನುತ್ತಿತ್ತು. ಅಲ್ಲಿಂದ ಒಂದೇ ಜಿಗಿತಕ್ಕೆ ಇಪ್ಪತ್ತೆಂಟು. ನಡುವಿನ ಮೂರು ಅಂಕಿಗಳನ್ನು ಅದು ಒಮ್ಮೆಯೂ ಹೇಳಿದ್ದಿಲ್ಲ. ನನ್ನದೇ ಎಲ್ಲೋ ತಪ್ಪಿದೆ ಎಂದುಕೊಂಡು ಬರೆದದ್ದನ್ನೆಲ್ಲ ಸಾಲು ಸಾಲಾಗಿ ಹುಡುಕಿದೆ. ವಿದ್ಯಾರ್ಥಿಗಳು ಹಿಂದಿನಿಂದ, "ಮೇಡಂಗೆ ಇಪ್ಪತ್ತೈದು ದಾಟೋಕೆ ಮನಸ್ಸಿಲ್ಲ," ಎಂದು ನಕ್ಕರು. ನಲವತ್ತು ದಾಟಿದವಳಿಗೆ ಹೀಗೂ ಹೇಳಿಸಿಕೊಳ್ಳುವ ಭಾಗ್ಯ.

ಅದೇ ಹೊತ್ತಿಗೆ ಮನೆಯಲ್ಲಿ ಮಗಳ ಸ್ಕರ್ಟಿನ ರಗಳೆ ನಡೆದಿತ್ತು. ಮಗಳಿಗೆ ಹನ್ನೆರಡು ವರ್ಷ. ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬಿಡುವು ಕೊಡದ ಕಾರಣ ಮನೆಯಲ್ಲಿ ಅವಳ ಹೆಸರು ವಟವಟಿ. ಶಾಲೆಯ ಸ್ಕರ್ಟು ಎಡಗಡೆ ಮೇಲೆ, ಬಲಗಡೆ ಕೆಳಗೆ ಬರುತ್ತಿತ್ತು. ಅಮ್ಮ ಅದನ್ನು ದರ್ಜಿಗೆ ಎರಡು ಸಲ ವಾಪಸು ಕೊಟ್ಟು, ಕಣ್ಣು ಎಲ್ಲಿಟ್ಟುಕೊಂಡು ಹೊಲಿಯುತ್ತೀಯಪ್ಪ ಎಂದು ದಬಾಯಿಸಿ ಬಂದಿದ್ದಳು. ಮೂರನೇ ಸಲ ಆ ಪುಣ್ಯಾತ್ಮ ಟೇಪನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ. "ಅಮ್ಮಾ, ಬಟ್ಟೆ ಸರಿಯಾಗೇ ಇದೆ. ಮಗೂನ ಒಂದ್ಸಲ ಬಗ್ಗಿಸಿ ನೋಡಿ," ಎಂದ. ಬಗ್ಗಿಸಿ ನೋಡಿದೆವು. ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಎತ್ತರಕ್ಕೆ ಉಬ್ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾವು ಪಾಪ ದರ್ಜಿಯನ್ನು ಡೊಂಕು ಅಂದಿದ್ದೆವು.

ಎಕ್ಸ್‌ರೇ ತೆಗೆಸಿದೆವು. ಮಾವ ಅಂದು ಯಾರನ್ನೂ ಒಳಗೆ ಬಿಡದೆ ಕೋಣೆಯ ಬಾಗಿಲು ಹಾಕಿಕೊಂಡು ಕೂತರು. ವಟವಟಿ ಹೊರಗಿನ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ, "ಬ್ರೇಸ್ ಹಾಕಿದ್ರೆ ಕ್ಲಾಸಲ್ಲಿ ಆಮೆ ಅಂತಾರೆ. ನಾನು ಶಾಲೆಗೇ ಹೋಗಲ್ಲ. ಮಾತೂ ಆಡಲ್ಲ," ಎಂದಳು. ಮೊದಲನೆಯದನ್ನು ನಂಬಬಹುದಿತ್ತು, ಎರಡನೆಯದನ್ನು ನಾನು ನಂಬಲಿಲ್ಲ. ಅರ್ಧ ಗಂಟೆಯ ಮೇಲೆ ಮಾವ ಹೊರಗೆ ಬಂದು, "ಇಪ್ಪತ್ತನಾಲ್ಕು," ಎಂದರು. ಪ್ರೋಗ್ರಾಮಿಗೂ ತೋರಿಸಿದೆ. ಅದೂ ಇಪ್ಪತ್ತನಾಲ್ಕು ಎಂದಿತು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆ ಇನ್ನೇನು ಬೇಕು? ಆರು ತಿಂಗಳು ಬಿಟ್ಟು ಬನ್ನಿ ಎಂದರು ಡಾಕ್ಟರಮ್ಮ. ಮನೆ ತಲುಪುವವರೆಗೆ ವಟವಟಿ ಉಸಿರು ತೆಗೆದುಕೊಳ್ಳಲಿಕ್ಕೂ ಮಾತು ನಿಲ್ಲಿಸಲಿಲ್ಲ.

ಅದಾದ ನಂತರದ ಭಾನುವಾರ ಮಧ್ಯಾಹ್ನ, ನನ್ನ ತಪ್ಪು ಸಿಗದೆ ರೋಸಿಹೋಗಿ, ಮಾವನ ಮೂವತ್ತೊಂದು ವರ್ಷದ ಅಂಕಿಗಳನ್ನೇ ಪರದೆಯ ಮೇಲೆ ಕಂಬಗಳಾಗಿ ನಿಲ್ಲಿಸಿ ನೋಡಿದೆ. ಹತ್ತು ಡಿಗ್ರಿಯವರು ಎಷ್ಟು, ಹನ್ನೊಂದರವರು ಎಷ್ಟು, ಹೀಗೆ. ಗುಡ್ಡದ ಹಾಗೆ ಏರಿ ಇಳಿಯಬೇಕಾದ ಕಂಬಗಳ ನಡುವೆ ಇಪ್ಪತ್ತನಾಲ್ಕು ಮಾತ್ರ ತೆಂಗಿನ ಮರದಂತೆ ನೆಟ್ಟಗೆ ಎದ್ದಿತ್ತು. ಅದರ ಪಕ್ಕ ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು ಮೂರೂ ಜಾಗ ಖಾಲಿ. ಪ್ರೋಗ್ರಾಮು ಹಾಳಾಗಿರಲಿಲ್ಲ. ಮೇಷ್ಟ್ರು ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಕಲಿತಿತ್ತು. ನನಗೆ ಮೊದಲು ನಗು ಬಂತು. ನಗುತ್ತಿರುವಾಗಲೇ ಮಗಳ ಇಪ್ಪತ್ತನಾಲ್ಕು ನೆನಪಾಯಿತು.

ಯಾರ ಉತ್ತರವನ್ನೂ ಕೇಳದೆ ಚಿತ್ರವನ್ನು ಮಾತ್ರ ನೋಡಿ ಲೆಕ್ಕ ಹಾಕುವ ಪದ್ಧತಿಯೂ ಒಂದಿದೆ. ನಿಧಾನದ ಕೆಲಸ. ಮಗಳ ಚಿತ್ರದ ಕಪ್ಪು ಬಿಳುಪು ತಿದ್ದಿ, ಪಕ್ಕೆಲುಬಿನ ನೆರಳು ಕಳೆದು, ಒಂದೊಂದೇ ಮೂಳೆಯ ಅಂಚು ಹಿಡಿದು, ನಾಲ್ಕು ಮೂಲೆ ಗುರುತಿಸಿ, ಹದಿನೇಳು ಮೂಳೆಗಳೂ ಎಷ್ಟೆಷ್ಟು ವಾಲಿವೆ ಎಂದು ಅಳೆದೆ. ಹೆಚ್ಚು ವಾಲಿದ್ದು ಮೇಲಿನಿಂದ ಐದನೆಯದು ಮತ್ತು ಹನ್ನೊಂದನೆಯದು. ಮಾವನ ಪೆನ್ಸಿಲ್ ಗೆರೆಗಳಿದ್ದದ್ದು ಆರನೆಯದರ ಮೇಲೆ, ಹತ್ತನೆಯದರ ಕೆಳಗೆ. ನಿಜವಾದ ಕೋನ ಇಪ್ಪತ್ತೇಳು. ಎರಡು ಸಲ, ಮೂರು ಸಲ ಮಾಡಿದೆ, ಇಪ್ಪತ್ತೇಳೇ.

ಮಾವ ಎರಡು ಬೀದಿ ಆಚೆ ಒಬ್ಬರೇ ಇರುತ್ತಾರೆ. ನಾನು ಹೋದಾಗ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ನನಗೆ ಜಗಳ ಶುರು ಮಾಡುವುದು ಗೊತ್ತಿಲ್ಲ, ಅದೂ ಅವರ ಹತ್ತಿರ.

"ಮಾವ, ನಿಮಗೂ ಇಪ್ಪತ್ತೈದಕ್ಕೂ ಏನು ಜಗಳ?" ಎಂದೆ.

ಅವರ ಬ್ರಷ್ ನಿಂತಿತು. "ಯಾರು ಹೇಳಿದ್ದು?"

"ನಿಮ್ಮ ಶಿಷ್ಯ. ಅದು ಇಪ್ಪತ್ತೈದು ಅನ್ನಲ್ಲ, ಇಪ್ಪತ್ತಾರು ಅನ್ನಲ್ಲ, ಇಪ್ಪತ್ತೇಳು ಅನ್ನಲ್ಲ."

"ಮೂವತ್ತೊಂದು ವರ್ಷ ಒಬ್ಬ ಡಾಕ್ಟ್ರೂ ಹಿಡೀಲಿಲ್ಲ. ಟೀ ಕುಡಿಯದೇ ಇರೋದು ಹಿಡೀತು ನೋಡು," ಎಂದು ನಗಲು ನೋಡಿದರು. ನಾನು ನಗಲಿಲ್ಲ. "ನಾನು ಸುಳ್ಳು ಬರೆದಿಲ್ಲ ಕಣೇ. ಗೆರೆ ಸರಿಯಾಗೇ ಇದೆ, ಅಳತೆ ಸರಿಯಾಗೇ ಇದೆ. ಮೂಳೆ ಮಾತ್ರ ಪಕ್ಕದ ಮನೇದು. ಮೇಲೊಂದು, ಕೆಳಗೊಂದು ಮನೆ ಬದಲಾಯಿಸಿದ್ರೆ ಮೂರು ಡಿಗ್ರಿವರೆಗೂ ಇಳಿಯುತ್ತೆ. ಇಪ್ಪತ್ತೆಂಟಾದ್ರೆ ಅದೂ ಆಗಲ್ಲ, ಇದ್ದದ್ದನ್ನ ಬರೀತಿದ್ದೆ."

"ಅದು ನನ್ನ ಮಗಳ ಬೆನ್ನು ಮಾವ." ಸಿಟ್ಟು ಬಂದಿತ್ತು, ಅವರ ಮೇಲೆ, ಅವರ ಅಂಕಿಗಳನ್ನು ವೇದವೆಂದು ನಂಬಿದ ನನ್ನ ಮೇಲೆ.

ಮಾವ ಪಾಲಿಶ್ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ನಿಮ್ಮಮ್ಮಂಗೂ ಹನ್ನೆರಡೇ ವರ್ಷ, ಬ್ರೇಸ್ ಹಾಕಿದಾಗ. ಈಗಿನ ಹಾಗೆ ಪ್ಲಾಸ್ಟಿಕ್ ಇರಲಿಲ್ಲ. ತೊಗಲು, ಕಬ್ಬಿಣದ ಪಟ್ಟಿ, ಗದ್ದದ ಕೆಳಗೊಂದು ಬಟ್ಟಲು. ನಾಲ್ಕು ವರ್ಷ. ದಿನಾ ಸಂಜೆ ಹಿತ್ತಲಲ್ಲಿ ಕೂತು ಅಳ್ತಿದ್ಲು. ನಾನು ಕಿಟಕೀಲಿ ನೋಡ್ತಿದ್ದೆ. ಆಮೇಲೆ ನನ್ನ ಕೈಗೆ ಪೆನ್ಸಿಲ್ ಬಂತು. ಅಂಚಲ್ಲಿ ನಿಂತಿರೋರನ್ನ ಈ ಕಡೆ ಎಳ್ಕೊಂಡೆ. ಅಷ್ಟೇ ನಾನು ಮಾಡಿದ್ದು."

ಅಮ್ಮನಿಗೆ ಈಗ ಅರವತ್ತಾರು. ಈ ಮನೆಯಲ್ಲಿ ನೆಟ್ಟಗೆ ನಿಲ್ಲುವವಳು ಯಾರಾದರೂ ಇದ್ದರೆ ಅವಳೇ, ಅಟ್ಟದ ಮೇಲಿನ ಡಬ್ಬ ಇಳಿಸಲು ಸ್ಟೂಲು ಬೇಡ ಅವಳಿಗೆ. ಅಷ್ಟು ಜನರ ಬೆನ್ನು ನೋಡಿದ ಮನುಷ್ಯ ತನ್ನ ತಂಗಿಯ ಬೆನ್ನೊಂದನ್ನು ನೋಡಿಯೇ ಇರಲಿಲ್ಲ, ಅವಳ ಅಳುವ ಮುಖದಲ್ಲೇ ನಿಂತುಬಿಟ್ಟಿದ್ದರು. ಅದನ್ನು ಹೇಳಿದೆ. ಮಾವ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು, ನಾನು ತಂದಿದ್ದ ಫಿಲ್ಮನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಐದನೆಯ ಮೂಳೆಗೂ ಹನ್ನೊಂದನೆಯದಕ್ಕೂ ಹೊಸ ಗೆರೆ ಎಳೆದರು. ಕೋನಮಾಪಕ ಇಟ್ಟು ನೋಡಿ, "ಇಪ್ಪತ್ತೇಳು," ಎಂದರು. ಆ ಅಂಕಿಯನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಮರುದಿನ ಇಬ್ಬರೂ ಡಾಕ್ಟರಮ್ಮನ ಮುಂದೆ ಹೋಗಿ ನಿಂತೆವು. ಅವರು ಬಯ್ದರು ಅಂದರೆ ಕಡಿಮೆಯಾಯಿತು. ಮಾವ ತಲೆ ತಗ್ಗಿಸಿ, ಇವತ್ತಿನಿಂದಲೇ ಬಿಟ್ಟುಬಿಡುತ್ತೇನೆ ಎಂದಾಗ ಮಾತ್ರ, "ಬಿಡೋದಂತೆ! ಇಪ್ಪತ್ತನಾಲ್ಕು ಅಂತ ಬರೆದಿರೋ ಒಂದೊಂದು ಫಿಲ್ಮನ್ನೂ ಮತ್ತೆ ಅಳೆದು ಆಮೇಲೆ ಹೋಗಿ," ಎಂದರು. ಇನ್ನೂರ ಹನ್ನೆರಡು ಫಿಲ್ಮುಗಳಿದ್ದವು. ಆ ಮಕ್ಕಳಲ್ಲಿ ಇನ್ನೂ ಬೆಳೆಯುವ ವಯಸ್ಸಿನವರು ಹನ್ನೊಂದು ಮಂದಿ, ಅವರನ್ನೆಲ್ಲ ಕರೆಸಿದರು. ಉಳಿದವರಲ್ಲಿ ಸಿಕ್ಕವರಿಗೆ ಮಾವನೇ ಫೋನು ಮಾಡಿದರು. ಹೆಚ್ಚಿನವರು ಚೆನ್ನಾಗಿಯೇ ಇದ್ದರು. ಒಬ್ಬಳು, ಈಗ ಎಲ್ಲೋ ಟೀಚರು, "ಬಲಗಡೆ ಭುಜ ಇಳಿದುಹೋಗಿದೆ ಸಾರ್. ಚೀಲ ಹಾಕಿದ್ರೆ ನಿಲ್ಲಲ್ಲ. ಬೆನ್ನು ನೋಯುತ್ತೆ," ಎಂದಳಂತೆ. ಅಂದು ಮಾವ ಊಟ ಮಾಡಲಿಲ್ಲ. ಪ್ರೋಗ್ರಾಮಿಗೆ ನಾನು ಮೊದಲಿನಿಂದ ಕಲಿಸತೊಡಗಿದೆ.

ವಟವಟಿಗೆ ಬ್ರೇಸ್ ಬಂತು. ಅವಳು ಮಾತು ಆಡಲ್ಲ ಎಂದಿದ್ದನ್ನು ನಾನು ನಂಬಬೇಕಿತ್ತು. ಶಾಲೆಗೆ ಹೋದಳು, ಬಂದಳು, ಪುಸ್ತಕ ತೆಗೆದು ಕೂತಳು. ಊಟಕ್ಕೆ ಕರೆದರೆ ಹೂಂ, ಸಾಕೇ ಎಂದರೆ ಹೂಂ. ಮನೆಯಲ್ಲಿ ಗಡಿಯಾರದ ಸದ್ದು ಕೇಳತೊಡಗಿತು. ಒಂದು ಕಾಲಕ್ಕೆ ಇವಳು ಬಾಯಿ ಮುಚ್ಚಲಿ ಎಂದು ದೇವರಿಗೆ ಬೇಡಿಕೊಂಡವಳು ನಾನು, ಈಗ ಹರಕೆ ವಾಪಸು ತೆಗೆದುಕೊಳ್ಳುವುದು ಹೇಗೆಂದು ತಿಳಿಯಲಿಲ್ಲ.

ಮಾವ ದಿನಾ ಸಂಜೆ ಬರುತ್ತಿದ್ದರು. ಮೊದಲಾದರೆ ಬಾಗಿಲಲ್ಲೇ ಅವಳ ಜಡೆ ಜಗ್ಗಿ, ಅವಳಿಂದ ಗುದ್ದಿಸಿಕೊಂಡು, ಅವಳ ತಟ್ಟೆಯಿಂದಲೇ ಕದ್ದು ತಿನ್ನುತ್ತಿದ್ದ ಮನುಷ್ಯ. ಈಗ ಕುರ್ಚಿಯ ತುದಿಯಲ್ಲಿ ಕೂತು, "ನೋವಾಗ್ತಿದ್ಯಾ ಪುಟ್ಟ? ದಿಂಬು ಕೊಡ್ಲಾ? ನೀರು ಬೇಕಾ?" ಎಂದು ಪಿಸುಗುಡುತ್ತಿದ್ದರು. ಆರನೆಯ ದಿನ ಅವರು ಹೋದ ಮೇಲೆ ವಟವಟಿ ನನ್ನ ಹತ್ತಿರ ಬಂದಳು.

"ಅಮ್ಮ, ಮಾವಜ್ಜಂಗೆ ನಾನು ಈಗ ಇಷ್ಟ ಇಲ್ವಾ?"

ಬಟ್ಟೆ ಮಡಿಸುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತದ್ದನ್ನು ನಾನು ನೋಡಿದೆ.

ಮರುದಿನ ಮಾವ ಚಪ್ಪಲಿ ಬಿಡುವುದರೊಳಗೆ ಅಮ್ಮ ಅವರನ್ನು ಅಡುಗೆಮನೆಗೆ ಕರೆದಳು. ನಾನೂ ಅಲ್ಲೇ ಇದ್ದೆ.

"ಅಣ್ಣ, ನಾನು ಹಿತ್ತಲಲ್ಲಿ ಕೂತು ಅಳ್ತಿದ್ದೆ ಅಂತ ಇವಳಿಗೆ ಹೇಳಿದ್ಯಂತೆ."

"ಅಳ್ತಿದ್ಯಲ್ಲ."

"ಅಳ್ತಿದ್ದೆ. ಯಾಕೆ ಅಂತ ಯಾವತ್ತಾದ್ರೂ ಕೇಳಿದ್ಯಾ?"

"ಕೇಳೋದೇನಿದೆ, ಆ ಕಬ್ಬಿಣ ಕಟ್ಟಿದ್ರೆ ಯಾರು ತಾನೇ..."

"ಕಬ್ಬಿಣ ಎರಡು ವಾರಕ್ಕೆ ಅಭ್ಯಾಸ ಆಯ್ತು." ಅಮ್ಮ ಒಲೆಯ ಉರಿ ಆರಿಸಿ ಅವರ ಕಡೆ ತಿರುಗಿದಳು. "ಅದಕ್ಕೆ ಮುಂಚೆ ನೀನು ದಿನಾ ನನ್ನ ಕೋತಿ ಅಂತಿದ್ದೆ. ಜಡೆ ಎಳೀತಿದ್ದೆ. ನಾನು ನಿನ್ನ ಕೈ ಕಚ್ತಿದ್ದೆ, ಅಪ್ಪ ಇಬ್ಬರಿಗೂ ಬಾರಿಸ್ತಿದ್ರು. ಅದು ಹಾಕಿದ ದಿನದಿಂದ ನೀನು ನನ್ನ ಮುಟ್ಟಲಿಲ್ಲ. ನನ್ನ ಜೊತೆ ಜಗಳಾನೇ ಆಡಲಿಲ್ಲ. 'ಕೂತ್ಕೋ, ಸುಸ್ತಾಯ್ತಾ, ನೀರು ಬೇಕಾ'. ಐವತ್ತನಾಲ್ಕು ವರ್ಷ ಆಯ್ತು, ಇವತ್ತಿಗೂ ನನ್ನ ಹತ್ರ ನೀನು ಆಡೋದು ಅದೊಂದೇ ಮಾತು. ನಾನು ಅತ್ತಿದ್ದು ಅದಕ್ಕೆ. ಈಗ ಆ ಮಗೂಗೂ ಅದೇ ಮಾಡ್ತಿದ್ದೀಯ."

ಮಾವ ಕಣ್ಣೊರೆಸಿಕೊಂಡು ಹೊರಗೆ ಹೋದರು. ಮನೆಗೆ ಹೊರಟರೇನೋ ಎಂದುಕೊಂಡೆ. ಹೋದದ್ದು ವಟವಟಿಯ ಕೋಣೆಗೆ. ಅವಳು ಮೇಜಿನ ಮುಂದೆ ಬೆನ್ನು ಮಾಡಿ ಕೂತಿದ್ದಳು. ಮಾವ ಬೆರಳು ಮಡಚಿ, ಅವಳ ಬೆನ್ನಿನ ಮೇಲಿನ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಟಕ್ ಟಕ್ ಟಕ್ ಎಂದು ಬಡಿದರು.

"ಯಾರ್ರೀ ಇದ್ದೀರಿ ಒಳಗೆ?"

ಅವಳು ತಿರುಗಲಿಲ್ಲ. ಪೆನ್ನು ಮಾತ್ರ ನಿಂತಿತು. ಮಾವ ಇನ್ನೊಮ್ಮೆ, ಈ ಸಲ ಜೋರಾಗಿಯೇ, ಬಡಿದರು.

"ಮನೇಲಿ ಯಾರೂ ಇಲ್ಲ. ನಾಳೆ ಬನ್ನಿ," ಎಂದಿತು ಒಂದು ಸಣ್ಣ ಧ್ವನಿ.

"ಯಾರೂ ಇಲ್ಲದಿದ್ರೆ ಮಾತಾಡ್ತಿರೋದು ಯಾರು? ಇಲ್ಲೊಂದು ಆಮೆ ಇರುತ್ತೆ ಅಂತ ಕೇಳಿ ಬಂದೆ."

"ಆಮೆ ಅಂದ್ರೆ ಕಚ್ತೀನಿ!" ವಟವಟಿ ಕುರ್ಚಿ ಸಮೇತ ತಿರುಗಿದಳು. "ಮತ್ತೆ ಒಳಗೆ ನಾವು ಹದಿನೇಳು ಮೂಳೆ ಇದ್ದೀವಿ, ಜಾಗ ಇಲ್ಲ. ಇವತ್ತು ಕ್ಲಾಸಲ್ಲಿ ಒಬ್ಬ ಹೊಡೆದ, ಅವನ ಕೈಗೇ ಪೆಟ್ಟಾಯ್ತು, ಗೊತ್ತಾ ಮಾವಜ್ಜ? ಟೀಚರ್ ಹತ್ರ ಹೋಗಿ ಅತ್ತ. ನಾನು ಅಳಲೇ ಇಲ್ಲ. ನೀನೂ ಹೊಡಿ ನೋಡೋಣ, ಹೊಡಿ..." ಎಂದು ಆರು ದಿನ ಕಟ್ಟಿಟ್ಟದ್ದೆಲ್ಲ ಕಟ್ಟೆಯೊಡೆದು ಬಂತು. ಮಾವ ಜಡೆಗೆ ಕೈ ಹಾಕಿದರು, ಅವಳು ಕಿರುಚಿದಳು, ಪುಸ್ತಕ ಕೆಳಗೆ ಬಿತ್ತು.

ಅಮ್ಮ ನನ್ನ ಪಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತು ನೋಡುತ್ತಿದ್ದಳು.

"ನನಗೆ ಹೊಟ್ಟೆಕಿಚ್ಚಾಗ್ತಿದೆ ಕಣೇ," ಎಂದಳು.

ತಮಾಷೆಗೆ ಅಂದಳೇನೋ ಎಂದು ನಗುತ್ತ ಅವಳ ಮುಖ ನೋಡಿದೆ. ತಮಾಷೆಗೆ ಅಂದಿರಲಿಲ್ಲ.